ಟಣ್ ಎನ್ನುವ ಕಲ್ಲು

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದ ಮೊಮ್ಮಗ ಚಡ್ಡಿಯ ಜೇಬಿನಿಂದ ಏಳು ಕಲ್ಲು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ತಿಂಗಳಿಗೊಂದು ಜೇಬು ಯಾಕೆ ತೂತಾಗುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು.

"ಅಜ್ಜಿ, ಇದ್ರಲ್ಲಿ ಜ್ವಾಲಾಮುಖಿ ಕಲ್ಲು ಯಾವ್ದು?"

ವಿಷಯ ಇಷ್ಟು. ಹತ್ತು ದಿನಕ್ಕೆ ಅವರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಇವನ ಗುಂಪಿಗೆ ಬಂದಿರುವ ಪಾಠ ಆದಿಮಾನವನ ಆಯುಧಗಳು. ಉಳಿದವರು ಥರ್ಮೋಕೋಲ್ ಕತ್ತರಿಸಿ ಬೂದು ಬಣ್ಣ ಬಳಿಯುತ್ತಾರಂತೆ. ಇವನಿಗೆ ಅದು ಆಗದು, ನಿಜವಾದ ಕಲ್ಲಿನದೇ ಬೇಕು. ಫೋನಿನಲ್ಲಿ ಒಬ್ಬಾತ ಕಪ್ಪಗೆ ಹೊಳೆಯುವ ಕಲ್ಲನ್ನು ಜಿಂಕೆಯ ಕೊಂಬಿನಿಂದ ತಟ್ಟಿ ತಟ್ಟಿ ಹತ್ತೇ ನಿಮಿಷದಲ್ಲಿ ಬಾಣದ ಮೊನೆ ಮಾಡಿದ್ದನ್ನು ನೋಡಿದ್ದಾನೆ. ಆ ಕಲ್ಲಿನ ಹೆಸರು ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಗಾಜು.

"ನಮ್ಮ ಕೆ.ಜಿ.ಎಫ್. ಕೂಡ ಒಂದು ಕಾಲಕ್ಕೆ ಜ್ವಾಲಾಮುಖಿ ಆಗಿತ್ತಂತೆ. ಮೇಷ್ಟ್ರು ಹೇಳಿದ್ರು. ಹಾಗಾದ್ರೆ ಆಂಡರ್ಸನ್‌ಪೇಟೆಯಲ್ಲೂ ಆ ಗಾಜು ಸಿಗಬೇಕಲ್ವಾ?"

ಪ್ರಶ್ನೆ ಚೆನ್ನಾಗಿತ್ತು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನನಗೆ ಅದರ ಉತ್ತರ ಅರ್ಧ ಗೊತ್ತಿತ್ತು. ಉಳಿದ ಅರ್ಧ ಜಗುಲಿಯ ಮೇಲೆ ಕೂತು ಪೇಪರ್ ಓದುತ್ತಿತ್ತು. ನಮ್ಮ ಯಜಮಾನರು ಗಣಿ ಮುಚ್ಚುವವರೆಗೂ, ಅಂದರೆ 2001ರ ಫೆಬ್ರವರಿ ಕೊನೆಯವರೆಗೂ, ನೆಲದ ಕೆಳಗೆ ಕೆಲಸ ಮಾಡಿದವರು. ಕಲ್ಲಿನ ಮಾತು ಬಂದರೆ ಅವರ ಕಿವಿ ತಾನಾಗಿ ಇತ್ತ ತಿರುಗುತ್ತದೆ.

ನನ್ನ ಅರ್ಧವನ್ನು ಮೊದಲು ಹೇಳುತ್ತೇನೆ. ಅದಕ್ಕೆ ಒಲೆ ಹೊತ್ತಿಸಬೇಕು.

ಕಡಲೆಮಿಠಾಯಿ ಮಾಡುವ ಅಜ್ಜಿಯರಿಗೆಲ್ಲ ಪಾಕದ ಪರೀಕ್ಷೆ ಗೊತ್ತು. ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಡುತ್ತೇವೆ. ಹದ ಬಂದಿದ್ದರೆ ಅದು ತಟ್ಟನೆ ಗಟ್ಟಿಯಾಗುತ್ತದೆ, ಬಟ್ಟಲಿನ ಅಂಚಿಗೆ ಬಡಿದರೆ ಸದ್ದು ಮಾಡುತ್ತದೆ, ಮುರಿದರೆ ಲಟಕ್ಕೆನ್ನುತ್ತದೆ. ಆವತ್ತು ನಾನು ಬೆಲ್ಲದ ಬದಲು ಸಕ್ಕರೆಯನ್ನೇ ಕಾಯಿಸಿ, ತುಪ್ಪ ಸವರಿದ ತಟ್ಟೆಗೆ ದಪ್ಪಗೆ ಹುಯ್ದೆ. (ಮಕ್ಕಳೇ, ಇದನ್ನು ನೀವಾಗಿ ಮಾಡಬೇಡಿ. ಸಕ್ಕರೆ ಪಾಕ ಕುದಿಯುವ ನೀರಿಗಿಂತ ಎಷ್ಟೋ ಬಿಸಿ, ಮೈಗೆ ತಾಗಿದರೆ ಅಂಟಿಕೊಂಡು ಸುಡುತ್ತದೆ. ಅಜ್ಜಿಯನ್ನೋ ಅಮ್ಮನನ್ನೋ ಕೇಳಿ.) ಆರಿದ ಮೇಲೆ ಆ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ, ಲಟ್ಟಣಿಗೆಯಿಂದ ಒಂದೇ ಒಂದು ಏಟು ಕೊಟ್ಟು ಬಿಚ್ಚಿದೆವು. ಒಡೆದ ಚೂರಿನ ಮೈ ನೋಡಿ ಮೊಮ್ಮಗನೇ ಹೇಳಿದ: "ಕಪ್ಪೆಚಿಪ್ಪಿನ ಥರ ಇದೆ!"

ಹೌದು. ಏಟು ಬಿದ್ದ ಜಾಗದಿಂದ ಶುರುವಾಗಿ, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ, ಬಾಗಿದ ಗೆರೆಗಳು ಹರಡಿಕೊಂಡಿದ್ದವು. ಅಂಚು ಬ್ಲೇಡಿನಂತೆ ಹರಿತ. ಕಲ್ಲಿನ ಆಯುಧ ಮಾಡುವವರು ಲಕ್ಷಾಂತರ ವರ್ಷಗಳಿಂದ ಹುಡುಕಿದ್ದು ಇದೇ ಚಿಪ್ಪಿನಾಕಾರದ ಒಡಕನ್ನು. ಒಳಗೆ ಪದರವಾಗಲಿ, ದಪ್ಪ ಹರಳಾಗಲಿ, ಬಿರುಕಾಗಲಿ ಇಲ್ಲದಿದ್ದರೆ ಏಟಿನ ಶಕ್ತಿ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹರಿಯುತ್ತದೆ. ಆಗ ಒಡಕು ಎಲ್ಲಿ ಹೋಗಬೇಕೆಂದು ಕಲ್ಲು ತೀರ್ಮಾನಿಸುವುದಿಲ್ಲ, ಹೊಡೆಯುವವನು ತೀರ್ಮಾನಿಸುತ್ತಾನೆ.

ಅದೇ ಸಕ್ಕರೆ ನೀರನ್ನು ನಿಧಾನವಾಗಿ, ದಿನಗಟ್ಟಲೆ ಬಿಟ್ಟರೆ ಏನಾಗುತ್ತದೆ? ಕಲ್ಲುಸಕ್ಕರೆಯಾಗುತ್ತದೆ, ಹರಳು ಹರಳು. ಸಾಮಾನು ಎರಡರಲ್ಲೂ ಒಂದೇ, ಆರಿದ ರೀತಿ ಬೇರೆ. ಲಾವಾ ಕೂಡ ಹಾಗೆಯೇ. ಒಂದು ಬಗೆಯ ಮಂದವಾದ ಲಾವಾ ಹರಳು ಕಟ್ಟುವುದಕ್ಕೂ ಸಮಯವಿಲ್ಲದಂತೆ ಬೇಗ ಆರಿದರೆ ಅಬ್ಸಿಡಿಯನ್ ಗಾಜು. ಸ್ವಲ್ಪ ಸಮಯ ಸಿಕ್ಕರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳಿನ ಕಲ್ಲು. ನೆಲದಾಳದಲ್ಲೇ ನಿಂತು, ಲಕ್ಷಗಟ್ಟಲೆ ವರ್ಷ ತೆಗೆದುಕೊಂಡು ಆರಿದರೆ ನಮ್ಮ ಗ್ರಾನೈಟಿನಂಥ ದಪ್ಪ ಹರಳಿನ ಕಲ್ಲು.

"ಹಾಗಾದ್ರೆ ಇಲ್ಲಿಯ ಲಾವಾ ಬೇಗ ಆರಿರಬಹುದಲ್ವಾ?"

ಆರಿರಬಹುದು. ಆದರೆ ಗಾಜಿಗೆ ಆಯುಸ್ಸು ಕಡಿಮೆ. ಡಬ್ಬಿಯ ತಳದಲ್ಲಿ ಮರೆತುಹೋದ ಹಳೆಯ ಸಕ್ಕರೆ ಮಿಠಾಯಿ ತೆಗೆದು ನೋಡಿ. ಕನ್ನಡಿಯಂತೆ ಇದ್ದದ್ದು ಮಂಕಾಗಿ, ಬಾಯಿಗಿಟ್ಟರೆ ಮರಳು ಮರಳಾಗಿರುತ್ತದೆ. ಗಾಜಿನಂತಿದ್ದ ಸಕ್ಕರೆ ಮತ್ತೆ ಹರಳಾಗಿರುತ್ತದೆ. ಭೂಮಿಯ ಗಾಜೂ ಹೀಗೆಯೇ ಒಳಗೊಳಗೇ ಹರಳಾಗುತ್ತ ಹೋಗುತ್ತದೆ, ಕೆಲವು ಕೋಟಿ ವರ್ಷಕ್ಕಿಂತ ಹಳೆಯ ಅಬ್ಸಿಡಿಯನ್ ಸಿಗುವುದೇ ಅಪರೂಪ. ನಮ್ಮ ಕೋಲಾರದ ಲಾವಾಕ್ಕೆ ವಯಸ್ಸು ಸುಮಾರು 270 ಕೋಟಿ ವರ್ಷ. ಉತ್ತರ ಕರ್ನಾಟಕದ ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ ಹರಡಿರುವ ಕಪ್ಪು ಬಸಾಲ್ಟ್ ಕಲ್ಲಿಗೆ ಸುಮಾರು ಆರೂವರೆ ಕೋಟಿ. ಅದು ನಮ್ಮ ಕಲ್ಲಿನ ಮುಂದೆ ತೊಟ್ಟಿಲ ಕೂಸು.

ಇಲ್ಲಿಗೆ ನನ್ನ ಅರ್ಧ ಮುಗಿಯಿತು. ಪೇಪರ್ ಮಡಿಸುವ ಸದ್ದು ಕೇಳಿಸಿತು.

"ಲೋ ಮರಿ, ಆ ಏಳು ಕಲ್ಲು ತಗೊಂಡು ಇಲ್ಲಿ ಬಾ."

ತಾತ ಮೊದಲು ಕೈಗೆತ್ತಿಕೊಂಡದ್ದು ಹಸಿರು ಛಾಯೆಯ ಕಪ್ಪು ಕಲ್ಲನ್ನು. ಮೊಮ್ಮಗನಿಗೆ ಅದರ ಮೇಲೇ ಹೆಚ್ಚು ಆಸೆಯಿತ್ತು, ಬಿಸಿಲಿಗೆ ಹಿಡಿದರೆ ಅದು ರೇಷ್ಮೆಯಂತೆ ಮಿನುಗುತ್ತಿತ್ತು. "ನಿಮ್ಮ ಮೇಷ್ಟ್ರು ಹೇಳಿದ ಜ್ವಾಲಾಮುಖಿ ಕಲ್ಲು ಇದೇ ಕಣೋ" ಎಂದರು. ಹುಡುಗನ ಮುಖ ಅರಳಿತು. "ಆದರೆ ಇದು ಕೆಲಸಕ್ಕೆ ಬರಲ್ಲ" ಎಂದರು. ಮುಖ ಬಾಡಿತು.

ಕೋಲಾರದ ಚಿನ್ನದ ಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿದೆ. ಅಗಲ ಮಾತ್ರ ಕೆಲವೇ ಕಿ.ಮೀ. ಎರಡೂ ಕಡೆ ಬಿಳಿಬೂದು ಬಂಡೆಯ ನಾಡು, ನಡುವೆ ಈ ಕಪ್ಪು ಕಲ್ಲಿನ ನಾಡು. ಈ ಕಪ್ಪು ಕಲ್ಲಿನಲ್ಲಿ ಬಹುಪಾಲು ನೀರಿನಡಿ ಹರಿದ ಲಾವಾ. ನೀರಿಗೆ ಬಿದ್ದ ಲಾವಾ ಮೇಲೆ ತಟ್ಟನೆ ತೊಗಟೆ ಕಟ್ಟಿ, ಒಳಗಿನ ಬಿಸಿ ಮತ್ತೆ ಚಿಮ್ಮಿ, ದಿಂಬಿನ ಮೇಲೆ ದಿಂಬು ಒಟ್ಟಿದ ಹಾಗೆ ಆಗುತ್ತದೆ. ಅದನ್ನು ದಿಂಬು ಲಾವಾ ಎನ್ನುತ್ತಾರೆ. ಈ ಪಟ್ಟಿಯ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಹಾರಿ ಬಿದ್ದ ಚೂರುಗಳೂ ಬೂದಿಯೂ ಒಟ್ಟಿಗೆ ಬೆಸೆದ ಬಂಡೆಯಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾಕ್ಕೂ ಅದೇ ಗೌರವ. ಹೋದರೆ ಕಣ್ಣಿನಿಂದ ನೋಡಿ ಬನ್ನಿ, ಸುತ್ತಿಗೆಯನ್ನು ಮನೆಯಲ್ಲೇ ಬಿಡಿ.

ಹಾಗಾದರೆ ಅಷ್ಟು ಒಳ್ಳೆಯ ಲಾವಾ ಯಾಕೆ ಕೆಲಸಕ್ಕೆ ಬರುವುದಿಲ್ಲ? ಅದು ಆರಿದ ಮೇಲೂ ಭೂಮಿ ಅದನ್ನು ಸುಮ್ಮನೆ ಬಿಡಲಿಲ್ಲ. ಆಳಕ್ಕೆ ಎಳೆದು, ಬಿಸಿ ಮಾಡಿ, ಎರಡೂ ಕಡೆಯಿಂದ ಒತ್ತಿತು. ಹಳೆಯ ಹರಳುಗಳು ಮಾರ್ಪಟ್ಟು ಹಾರ್ನ್‌ಬ್ಲೆಂಡ್ ಎಂಬ ಸೂಜಿಯಂಥ ಹೊಸ ಹರಳುಗಳಾದವು, ಆ ಸೂಜಿಗಳೆಲ್ಲ ಒಂದೇ ದಿಕ್ಕಿಗೆ ಮಲಗಿದವು. ರೇಷ್ಮೆಯ ಮಿನುಗು ಬಂದದ್ದು ಅದರಿಂದ. ತಾತ ಆ ಕಲ್ಲನ್ನು ಮೆಟ್ಟಿಲ ಮೇಲಿಟ್ಟು ತಟ್ಟಿದರು. ಸೌದೆ ಸೀಳಿದಂತೆ ಉದ್ದಕ್ಕೆ ಸಿಬಿರು ಸಿಬಿರಾಗಿ ಬಿಟ್ಟುಕೊಂಡಿತು.

"ನೋಡು, ಇದು ತನಗೆ ಬೇಕಾದ ಕಡೆ ಒಡೆಯುತ್ತೆ, ನಿನಗೆ ಬೇಕಾದ ಕಡೆ ಅಲ್ಲ."

ಎರಡನೆಯದು ಬಿಳಿ ಬೆಣಚುಕಲ್ಲು. ನಮ್ಮ ಊರಿನ ಚಿನ್ನ ಬಹುಪಾಲು ಅಡಗಿದ್ದದ್ದು ಇಂಥ ಬೆಣಚುಕಲ್ಲಿನ ಎಳೆಗಳಲ್ಲಿ. ಅದನ್ನು ಬೆನ್ನಟ್ಟಿಕೊಂಡೇ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಹೋದದ್ದು. ಇದು ಹರಿತವಾಗಿ ಒಡೆಯುತ್ತದೆ, ಆದರೆ ಒಳಗೆ ನೂರು ಬಿರುಕು. ದೊಡ್ಡ ಆಯುಧವಾಗದು, ಸಣ್ಣ ಚಕ್ಕೆಗಳಾಗುತ್ತವೆ. ಆ ಕಾಲದವರು ಅದನ್ನೂ ಬಿಡಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸಿಕ್ಕಿದ, ಉಗುರಿನಷ್ಟು ಸಣ್ಣ ಶಿಲಾಯುಧಗಳು ಬಹುಪಾಲು ಬೆಣಚುಕಲ್ಲಿನವೇ. ಇಂಥ ಚಕ್ಕೆಗಳನ್ನು ಕಟ್ಟಿಗೆಗೋ ಮೂಳೆಗೋ ಅಂಟಿಸಿ ಕುಡುಗೋಲು, ಬಾಣ ಮಾಡಿಕೊಳ್ಳುತ್ತಿದ್ದರು.

ಮೂರು, ನಾಲ್ಕು, ಐದು ಬರೀ ಬೂದು ಬಂಡೆಯ ಚೂರು. ತಾತ ಅವನ್ನು ಬೆಕ್ಕಿಗೆ ಬಿಸಾಡಿದ ಮೀನಿನ ಮುಳ್ಳಿನಂತೆ ಪಕ್ಕಕ್ಕೆ ತಳ್ಳಿದರು. ಆರನೆಯದು ಕಲ್ಲೇ ಅಲ್ಲ, ಹಳೆಯ ಬಾಟಲಿಯ ತಳ. ಅದನ್ನು ನೋಡಿ ನನಗೆ ನಗು ಬಂತು. ಏಳರಲ್ಲಿ ಅಬ್ಸಿಡಿಯನ್‌ಗೆ ಹತ್ತಿರದ ನೆಂಟ ಅದೊಂದೇ! ಅಂಡಮಾನಿನ ದ್ವೀಪವಾಸಿಗಳು ಹಡಗುಗಳಿಂದ ಬಂದ ಬಾಟಲಿ ಗಾಜಿನಿಂದ ಚಕ್ಕೆ ಎಬ್ಬಿಸಿ ತಲೆ ಬೋಳಿಸಿಕೊಳ್ಳಲು ಬಳಸುತ್ತಿದ್ದರು. ಗಾಜು ಮನುಷ್ಯ ಮಾಡಿದ್ದೋ ಭೂಮಿ ಮಾಡಿದ್ದೋ, ಒಡೆಯುವ ರೀತಿ ಒಂದೇ.

ಏಳನೆಯ ಕಲ್ಲನ್ನು ತಾತ ಕೈಯಲ್ಲಿ ಹಿಡಿದು ಸುಮ್ಮನೆ ಕೂತರು. ಕೋಳಿಮೊಟ್ಟೆಯಷ್ಟು ಗಾತ್ರ, ಅದಕ್ಕೆ ಮೀರಿದ ಭಾರ. ಹೊರಗೆ ಕಂದು ಬಣ್ಣದ ಸಿಪ್ಪೆ, ಒಡೆದ ಕಡೆ ನೀಲಿಗಪ್ಪು.

"ಇದೆಲ್ಲಿ ಸಿಕ್ತು?"

"ಎದುರುಮನೆಯವರು ಮಹಡಿ ಕಟ್ತಾ ಇದಾರಲ್ಲ ತಾತ, ಅವರ ಜಲ್ಲಿ ರಾಶಿಯಲ್ಲಿ."

ಹುಡುಕುವವರು ಕಾಡುಮೇಡು ಅಲೆಯಬೇಕಾಗಿಲ್ಲ ಎಂಬುದು ನನಗೆ ಆವತ್ತು ಹೊಳೆಯಿತು. ಮನೆ ಕಟ್ಟುವ ಬೀದಿಯಲ್ಲೆಲ್ಲ ಜಲ್ಲಿ ರಾಶಿಯಿದೆ, ಅದರಲ್ಲಿ ಪ್ರತಿ ಕಲ್ಲೂ ಹೊಸದಾಗಿ ಒಡೆದದ್ದು. ಕಲ್ಲನ್ನು ಗುರುತಿಸಲು ಮಳೆ ಬಿಸಿಲಿಗೆ ಕಂದಿದ ಮೈ ನೋಡಿ ಉಪಯೋಗವಿಲ್ಲ, ಹೊಸ ಒಡಕನ್ನೇ ನೋಡಬೇಕು. ಮನೆಯವರನ್ನು ಒಂದು ಮಾತು ಕೇಳಿ ನಾವು ಮೂವರೂ ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಹೋಗಿ ಬರುವವರು ಏನೋ ಕಳೆದುಹೋಗಿದೆ ಎಂದುಕೊಂಡು ಮರುಕಪಟ್ಟರು.

ರಾಶಿಯಲ್ಲಿ ನೂರಕ್ಕೆ ತೊಂಬತ್ತು ಬಿಳಿಬೂದು ಕಲ್ಲು. ಭೂತಗನ್ನಡಿ ಹಿಡಿದರೆ ಬಿಳಿ, ಗುಲಾಬಿ, ಕಪ್ಪು ಹರಳುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಆ ಹರಳುಗಳ ಗಡಿಯಲ್ಲಿ ಏಟಿನ ಶಕ್ತಿ ಚದುರಿಹೋಗುತ್ತದೆ, ಅದಕ್ಕೇ ಅದು ಹರಿತವಾಗಿ ಒಡೆಯುವುದಿಲ್ಲ, ಪುಡಿಯಾಗುತ್ತದೆ. ಉಳಿದ ಕೆಲವು ನೀಲಿಗಪ್ಪು. ಇವನ್ನು ನಮ್ಮ ಕಡೆ ಕರಿಕಲ್ಲು ಎನ್ನುತ್ತಾರೆ, ಪುಸ್ತಕದ ಹೆಸರು ಡೋಲರೈಟ್. ಇದೂ ಬೆಂಕಿಯ ಮಗುವೇ. ಹಳೆಯ ಲಾವಾ ಆರಿ, ಒತ್ತಿಸಿಕೊಂಡು ಎಷ್ಟೋ ಕೋಟಿ ವರ್ಷಗಳಾದ ಮೇಲೆ ನೆಲ ಉದ್ದುದ್ದಕ್ಕೆ ಬಿರಿಯಿತು. ಆ ಬಿರುಕಿನಲ್ಲಿ ಹೊಸ ಕಲ್ಲಿನ ಪಾಕ ಮೇಲೇರಿ, ಬಾಯಿಗೆ ಬಾರದೆ ಗಂಟಲಲ್ಲೇ ನಿಂತು ಆರಿತು. ಬೂದು ಬಂಡೆಯ ನಡುವೆ ಗೋಡೆ ಎಬ್ಬಿಸಿದ ಹಾಗೆ ಕರಿಕಲ್ಲಿನ ಸಾಲು ಓಡುವುದನ್ನು ಬಂಗಾರಪೇಟೆ, ಮುಳಬಾಗಿಲಿನ ಕಡೆ ತಿರುಗಾಡುವವರು ಕಂಡಿರುತ್ತಾರೆ. ಒತ್ತಡದ ಕಾಲ ಮುಗಿದ ಮೇಲೆ ಬಂದದ್ದರಿಂದ ಇದಕ್ಕೆ ಸೌದೆಯ ನಾರಿಲ್ಲ.

ಕರಿಕಲ್ಲಿನಲ್ಲೂ ಎಲ್ಲವೂ ಒಂದೇ ಅಲ್ಲ. ತಣ್ಣಗಿನ ಬಂಡೆಗೆ ತಾಗಿಕೊಂಡ ಅಂಚು ಬೇಗ ಆರುತ್ತದೆ, ನಡುಭಾಗ ತಡವಾಗಿ ಆರುತ್ತದೆ. ತಟ್ಟೆಗೆ ಹುಯ್ದ ಪಾಕವೂ ಹಾಗೆಯೇ ಅಲ್ಲವೇ? ಆದ್ದರಿಂದ ಅಂಚಿನ ಕಲ್ಲು ನಯ, ನಡುವಿನದು ಒರಟು. ಒಡೆದ ಮೈಯನ್ನು ಒದ್ದೆ ಮಾಡಿ, ಕೈಯಳತೆ ದೂರ ಹಿಡಿದು ನೋಡಬೇಕು. ಹರಳುಗಳು ಚುಕ್ಕೆ ಚುಕ್ಕೆಯಾಗಿ ಮಿನುಗಿದರೆ ಒರಟು. ಒಂದೇ ಬಣ್ಣದ ಸ್ಲೇಟಿನಂತೆ ಕಂಡರೆ ಎತ್ತಿಡಬಹುದು. ಒದ್ದೆ ಆರುವಾಗ ಕೂದಲೆಳೆಯಂಥ ಗೆರೆ ಮಾತ್ರ ಒದ್ದೆಯಾಗಿಯೇ ಉಳಿದರೆ ಅಲ್ಲಿ ಬಿರುಕಿದೆ ಎಂದೇ ಲೆಕ್ಕ.

ಇಷ್ಟನ್ನೂ ಕಣ್ಣು ಹೇಳುತ್ತದೆ. ಕೊನೆಯ ಮಾತು ಕಿವಿಯದು.

ತಾತ ಒಂದು ಕರಿಕಲ್ಲನ್ನು ಮೂರು ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು, ಇನ್ನೊಂದರಿಂದ ಮೆಲ್ಲಗೆ ತಟ್ಟಿದರು. 'ಡಬ್' ಎಂದಿತು. ಬಿಸಾಡಿದರು. ಇನ್ನೊಂದು. 'ಡಬ್'. ಐದನೆಯದೋ ಆರನೆಯದೋ 'ಟಣ್' ಎಂದಿತು, ದೇವರ ಮನೆಯ ಗಂಟೆಯನ್ನು ಉಗುರಿನಿಂದ ಮುಟ್ಟಿದ ಹಾಗೆ. ಹುಡುಗನ ಕಣ್ಣು ಅಗಲವಾಯಿತು. ನನಗೆ ಸಂತೆಯ ನೆನಪು ಬಂತು. ಮಡಕೆ ಕೊಳ್ಳುವಾಗ ನಾವೆಲ್ಲ ಬೆರಳು ಮಡಿಸಿ ತಟ್ಟಿ ನೋಡುವುದು ಇದಕ್ಕೇ ತಾನೆ? ಒಳಗೆ ಬಿರುಕಿದ್ದರೆ ಸದ್ದು ಅಲ್ಲೇ ಸಾಯುತ್ತದೆ.

"ತಾತ, ನಿಂಗೆ ಇದು ಯಾರು ಹೇಳ್ಕೊಟ್ರು?"

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಗಣಿಯೊಳಗೆ ಸಿಡಿಮದ್ದು ಹಾರಿಸಿ ಹೊಗೆ ಹೋದ ಮೇಲೆ ಒಳಗೆ ಕಾಲಿಡುವವನು ಮೊದಲು ಮಾಡುವ ಕೆಲಸ ತಲೆಯ ಮೇಲಿನ ಬಂಡೆಯನ್ನು ಗಡಾರಿಯಿಂದ ತಟ್ಟಿ ಕೇಳುವುದು. ಗಟ್ಟಿ ಬಂಡೆ ಟಣ್ ಎನ್ನುತ್ತದೆ. ಮೇಲೆ ಬಿಟ್ಟುಕೊಂಡ ಬಂಡೆ ಒಡೆದ ಡೋಲಿನ ಹಾಗೆ ಬೊಳ್ಳಾಗಿ ಕೇಳುತ್ತದೆ. ಬೊಳ್ಳು ಕೇಳಿದರೆ ಪಕ್ಕಕ್ಕೆ ನಿಂತು ಅದನ್ನು ಕೆಡವಿ ಆಮೇಲೆ ಮುಂದೆ. ಒಂದು ಸಲ ಇವರ ಜೊತೆಯವನು ಟಿಫನ್ ಬಾಕ್ಸು ಬಿಚ್ಚಿ ಕೂರಲು ಹೋದ ಜಾಗದಲ್ಲಿ ಇವರು ಅಭ್ಯಾಸಬಲದಿಂದ ಒಮ್ಮೆ ತಟ್ಟಿದರಂತೆ. ಸದ್ದು ಸರಿಬರಲಿಲ್ಲ. ರಟ್ಟೆ ಹಿಡಿದು ಅವನನ್ನು ಎಳೆದುಕೊಂಡರು. ಬಾಗಿಲಿನಷ್ಟು ಅಗಲದ ಬಂಡೆ ಟಿಫನ್ ಬಾಕ್ಸಿನ ಮೇಲೆ ಬಿತ್ತು.

ಮದುವೆಯಾಗಿ ನಲವತ್ತೊಂದು ವರ್ಷಗಳಲ್ಲಿ ನಾನು ಈ ಕತೆ ಕೇಳಿದ್ದು ಆವತ್ತೇ ಮೊದಲು. ಮನೆಗೆ ಒಂದು ಸಲ ಟಿಫನ್ ಬಾಕ್ಸಿಲ್ಲದೆ ಬಂದಿದ್ದರು, ನಾನು ಬೈದಿದ್ದೆ. ಅದು ನೆನಪಿದೆ.

ಕರಿಕಲ್ಲು ಸಿಕ್ಕಿತು, ಸರಿ. ಅದರಿಂದ ಯಾರಾದರೂ ನಿಜವಾಗಿ ಆಯುಧ ಮಾಡಿದ್ದರೇ? ಮೊಮ್ಮಗನಿಗೆ ಅನುಮಾನ. ಅದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ, ಬಳ್ಳಾರಿ ನಗರದ ಪಕ್ಕದಲ್ಲಿದೆ. ಸಂಗನಕಲ್ಲು, ಕುಪ್ಗಲ್ ಎಂಬ ಊರುಗಳ ನಡುವೆ ಗ್ರಾನೈಟ್ ಬೆಟ್ಟಗಳಿವೆ. ಅವುಗಳಲ್ಲಿ ದೊಡ್ಡದಾದ ಹಿರೇಗುಡ್ಡವನ್ನು ಸೀಳಿಕೊಂಡು ಕರಿಕಲ್ಲಿನ ಗೋಡೆಯೊಂದು ಹಾದುಹೋಗುತ್ತದೆ. ಸುಮಾರು 3,400 ವರ್ಷಗಳ ಹಿಂದೆ ಅಲ್ಲಿ ಕಲ್ಲುಕೊಡಲಿಯ ದೊಡ್ಡ ಕಾರ್ಖಾನೆಯೇ ನಡೆಯುತ್ತಿತ್ತು. ರಾಗಿ ಹೊಲದಲ್ಲಿ ಹೊಟ್ಟು ಬಿದ್ದಂತೆ ಇಂದಿಗೂ ಅಲ್ಲಿ ಕರಿಕಲ್ಲಿನ ಚಕ್ಕೆಗಳು ರಾಶಿ ಬಿದ್ದಿವೆ. ಮೊದಲು ಬಂಡೆಯಿಂದ ತುಂಡು ಬಿಡಿಸಿ, ಏಟು ಕೊಟ್ಟು ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರಕ್ಕೆ ತರುತ್ತಿದ್ದರು. ಆಮೇಲೆ ಉಬ್ಬುತಗ್ಗುಗಳನ್ನು ಕುಟ್ಟಿ ಕುಟ್ಟಿ ಸಮ ಮಾಡುತ್ತಿದ್ದರು. ಕೊನೆಗೆ ಬಂಡೆಯ ಮೇಲೆ ತಿಕ್ಕಿ ಬಾಯಿಯನ್ನು ನಯಗೊಳಿಸುತ್ತಿದ್ದರು. ತಿಕ್ಕಿ ತಿಕ್ಕಿ ಗ್ರಾನೈಟ್ ಬಂಡೆಯಲ್ಲಿ ಬಿದ್ದ ಗುಳಿಗಳನ್ನು ಈಗಲೂ ನೋಡಬಹುದು.

ತಿಕ್ಕುವ ಕಷ್ಟ ಯಾಕೆ, ಗಾಜಿನಂಥ ಕಲ್ಲು ತರಬಾರದಿತ್ತೇ? ಇಲ್ಲೇ ಇರುವುದು ಗಮ್ಮತ್ತು. ಅಬ್ಸಿಡಿಯನ್ ಚರ್ಮ ಕೊಯ್ಯಲು ಬಲು ಚೆಂದ, ಆದರೆ ಮರಕ್ಕೆ ಹೊಡೆದರೆ ಚೂರುಚೂರು. ಡೋಲರೈಟಿನ ಸಣ್ಣ ಹರಳುಗಳು ಚಾಪೆಯ ಹುಲ್ಲಿನಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಏಟು ತಿಂದರೂ ಬಿಡುವುದಿಲ್ಲ. ಬೇಸಾಯ ಮಾಡಿ, ದನ ಸಾಕಿ ನೆಲೆ ನಿಂತ ಜನಕ್ಕೆ ಮರ ಕಡಿಯುವ ಕೊಡಲಿ ಬೇಕಿತ್ತು. ಸೊಪ್ಪು ಹೆಚ್ಚುವ ಈಳಿಗೆಯಲ್ಲಿ ಸೌದೆ ಸೀಳುತ್ತೇವೆಯೇ? ಸಣ್ಣ ಚಾಕುಗಳಿಗೆ ಅವರೇ ಚರ್ಟ್ ಎಂಬ ನಯವಾದ ಚಕಮಕಿ ಜಾತಿಯ ಕಲ್ಲನ್ನು ಬಳಸುತ್ತಿದ್ದರು. ಅದಕ್ಕೂ ಬಹಳ ಹಿಂದೆ, ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ವಿಜ್ಞಾನಿಗಳು ಅಂದಾಜಿಸಿರುವ ಇಸಾಂಪುರದಲ್ಲಿ, ಹುಣಸಗಿಯ ಹತ್ತಿರ, ಸುಣ್ಣಕಲ್ಲಿನ ಚಪ್ಪಡಿಗಳನ್ನೇ ಕೈಗೊಡಲಿ ಮಾಡುತ್ತಿದ್ದರು. ಪುರಾತತ್ವಜ್ಞ ಕೆ. ಪದ್ದಯ್ಯ ಅಲ್ಲಿ ಉತ್ಖನನ ಮಾಡಿದಾಗ, ಒಡೆಯುವ ಚಪ್ಪಡಿಗಿಂತ ಗಟ್ಟಿಯಾದ ಬಸಾಲ್ಟ್, ಚರ್ಟ್ ಗುಂಡುಗಳು ಸುತ್ತಿಗೆಯಾಗಿ ಬಳಕೆಯಾದದ್ದು ಕಂಡುಬಂತು. ಯಾವ ಕೆಲಸಕ್ಕೆ ಯಾವ ಕಲ್ಲು ಎಂಬ ಲೆಕ್ಕ ಆಗಲೇ ಇತ್ತು.

ಕುಪ್ಗಲ್ಲಿನ ಇನ್ನೊಂದು ಸಂಗತಿ ಕೇಳಿ ತಾತ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆ ಬೆಟ್ಟದ ಕೆಲವು ಕರಿಬಂಡೆಗಳು ಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ನುಡಿಯುತ್ತವೆ. 1892ರಲ್ಲೇ ಫ್ರೆಡ್ ಫಾಸೆಟ್ ಎಂಬವರು ಅಲ್ಲಿಯ ಬಂಡೆಚಿತ್ರಗಳ ಬಗ್ಗೆ ಬರೆದಿದ್ದರು. ನಂತರ ನಮ್ಮ ಕಾಲದಲ್ಲಿ ನಿಕೋಲ್ ಬೊಯ್ವಿನ್, ರವಿ ಕೋರಿಶೆಟ್ಟರ್ ಮುಂತಾದ ಸಂಶೋಧಕರು ಅಲ್ಲಿ ಕೆಲಸ ಮಾಡಿದರು. ಆ ಬಂಡೆಗಳ ಮೇಲೆ ಸವೆದ ಗುಳಿಗಳಿವೆ, ಮತ್ತೆ ಮತ್ತೆ ಬಾರಿಸಿದ ಗುರುತು. ಸುತ್ತ ಉದ್ದ ಕೊಂಬಿನ ಎತ್ತುಗಳ ಚಿತ್ರ. ಕಲ್ಲು ಆರಿಸಲು ತಟ್ಟಿ ಕೇಳಿದವರು ಹಾಗೇ ತಾಳ ಹಿಡಿದರೇನೋ! ಇದು ನನ್ನ ಊಹೆ ಅಷ್ಟೆ. ಕಲ್ಲುಗಣಿಗಾರಿಕೆಯ ಕಾಟ ಆ ಬೆಟ್ಟಗಳಿಗೂ ತಟ್ಟಿದೆ. ಅಲ್ಲಿ ಸಿಕ್ಕ ವಸ್ತುಗಳಿಗಾಗಿ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಕೈಗೊಡಲಿಯೊಂದನ್ನು ಗುರುತಿಸಿ, ನಮ್ಮ ದೇಶಕ್ಕೂ ಹಳೆ ಶಿಲಾಯುಗವಿತ್ತೆಂದು ತೋರಿಸಿದ ಭೂವಿಜ್ಞಾನಿ ಅವರು.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ ಸುತ್ತಿಗೆ ಹುಡುಕಲು ಓಡಿದ. ತಾತ ತಡೆದರು. ಅವರು ಗದರುವುದು ಅಪರೂಪ, ಆವತ್ತು ಗದರಿದರು.

ಕಲ್ಲು ಒಡೆದಾಗ ಹಾರುವ ಚಕ್ಕೆ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಕಾಣದೆ ಹಾರುವ ಧೂಳು ಇನ್ನೂ ಕೆಟ್ಟದ್ದು. ಬೆಣಚುಕಲ್ಲಿನ ಸಣ್ಣ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಅಲ್ಲೇ ಗಾಯದ ಗಂಟಾಗುತ್ತದೆ. ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ನಮ್ಮ ಊರಿನ ಹಳೆಯ ಬೀದಿಗಳಲ್ಲಿ ಆ ಕೆಮ್ಮು ಕೇಳದ ಮನೆ ಕಡಿಮೆ. ನಮ್ಮ ಮನೆಯಲ್ಲೂ ಬೆಳಗಿನ ಜಾವ ನಾಲ್ಕಕ್ಕೆ ನನ್ನನ್ನು ಎಬ್ಬಿಸುವುದು ಅಲಾರಾಂ ಅಲ್ಲ. ಹಾಗಾಗಿ ತಾತನ ಕಟ್ಟಳೆ ಹೀಗೆ: ಹೊಡೆಯುವುದು ದೊಡ್ಡವರು ಮಾತ್ರ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕಲ್ಲನ್ನು ಒದ್ದೆ ಮಾಡಿಕೊಂಡು, ಕನ್ನಡಕ, ಮಾಸ್ಕ್, ದಪ್ಪ ಕೈಚೀಲ ಹಾಕಿಕೊಂಡು. ಮಕ್ಕಳು ಹತ್ತು ಮಾರು ದೂರ. ಹಳೆಯ ಗಣಿಯ ಗುಂಡಿಗಳ ಹತ್ತಿರ, ಸೈನೈಡ್ ದಿಬ್ಬಗಳ ಹತ್ತಿರ, ರೈಲು ಹಳಿಯ ಜಲ್ಲಿಯ ಹತ್ತಿರ ಕಲ್ಲು ಹುಡುಕಲು ಹೋಗುವ ಮಾತೇ ಇಲ್ಲ.

ಇನ್ನೊಂದು ಕಟ್ಟಳೆ ನನ್ನದು. ನುಣುಪಾದ, ಕೊಡಲಿಯಾಕಾರದ ಕರಿಕಲ್ಲು ಹೊಲದಲ್ಲೋ ಅರಳಿಕಟ್ಟೆಯ ಮೇಲೋ ಕಂಡರೆ ಒಡೆಯಬಾರದು, ಜೇಬಿಗೂ ಹಾಕಬಾರದು. ಎಷ್ಟೋ ಹಳ್ಳಿಗಳಲ್ಲಿ ಇಂಥವನ್ನು ಸಿಡಿಲಿನ ಜೊತೆ ಬಿದ್ದ ಕಲ್ಲೆಂದು ಪೂಜೆಗಿಟ್ಟಿರುತ್ತಾರೆ. ಅವು ನವಶಿಲಾಯುಗದವರ ಕೈಯ ಕೆಲಸ. ಇದ್ದಲ್ಲೇ ಬಿಟ್ಟು, ಜಾಗ ಗುರುತು ಮಾಡಿಕೊಂಡು, ಮೇಷ್ಟ್ರಿಗೆ ಹೇಳಿ. ಅವರು ಪುರಾತತ್ವ ಇಲಾಖೆಗೆ ತಿಳಿಸುತ್ತಾರೆ.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಕೆಲಸ ಶುರುವಾಯಿತು. ಎದುರುಮನೆಯವರು ಕೊಟ್ಟ, ಅಂಗೈಯಗಲದ ಕರಿಕಲ್ಲು. ಸುತ್ತಿಗೆಗೆ ಬೇತಮಂಗಲದ ಪಾಲಾರ್ ಹೊಳೆಯಿಂದ ಎಂದೋ ತಂದ ದುಂಡು ಕಲ್ಲು, ನಾನು ಉಪ್ಪಿನಕಾಯಿಯ ಜಾಡಿಯಲ್ಲಿ ಮಾವಿನ ಮಿಡಿ ಅದುಮಲು ಇಟ್ಟುಕೊಂಡಿದ್ದದ್ದು. ಕೇಳದೆಯೇ ತೆಗೆದುಕೊಂಡರು. ಮೊದಲ ಹತ್ತು ಏಟಿಗೆ ಏನೂ ಆಗಲಿಲ್ಲ, ಕಲ್ಲಿನ ಮೇಲೆ ಬಿಳಿ ಚುಕ್ಕೆ ಬಿತ್ತು ಅಷ್ಟೆ. ನಡುಮಧ್ಯಕ್ಕೆ ಹೊಡೆಯುತ್ತಿದ್ದರು, ತಪ್ಪು ಅದೇ. ಏಟು ಅಂಚಿನ ಹತ್ತಿರ ಬೀಳಬೇಕು. ಆ ಅಂಚಿನ ಕೋನ ನಿಮ್ಮ ಪುಸ್ತಕದ ಮೂಲೆಗಿಂತ, ಅಂದರೆ 90 ಡಿಗ್ರಿಗಿಂತ, ಕಡಿಮೆ ಇರಬೇಕು. ಮೂಲೆ ನೆಟ್ಟಗಿದ್ದರೆ ಅಥವಾ ದುಂಡಗಿದ್ದರೆ ಎಷ್ಟು ಒಳ್ಳೆಯ ಕಲ್ಲೂ ಜಗ್ಗುವುದಿಲ್ಲ. ಕಲ್ಲನ್ನು ತಿರುಗಿಸಿ, ಓರೆಯಾದ ಅಂಚು ಹುಡುಕಿ ಹೊಡೆದರು. ಮೊದಲ ಚಕ್ಕೆ ಹಾರಿ ಕರಿಬೇವಿನ ಗಿಡದ ಬುಡಕ್ಕೆ ಬಿತ್ತು.

ಮೊಮ್ಮಗ ಅದನ್ನು ಹುಡುಕಿ ತಂದ. ಎರಡು ರೂಪಾಯಿ ನಾಣ್ಯದಷ್ಟು ಅಗಲ. ಒಳಮೈಯಲ್ಲಿ ಏಟು ಬಿದ್ದ ಕಡೆ ಸಣ್ಣ ಉಬ್ಬು, ಅಲ್ಲಿಂದ ಹೊರಟ ಮಸುಕಾದ ಅಲೆಗಳು. ಸಕ್ಕರೆ ಬಿಲ್ಲೆಯಷ್ಟು ಸ್ಪಷ್ಟವಲ್ಲ, ಆದರೆ ಅದೇ ಅಲೆ.

ಕೊಡಲಿ ಆಯಿತೇ ಎಂದು ಕೇಳಬೇಡಿ. ಮಧ್ಯಾಹ್ನದ ಹೊತ್ತಿಗೆ ಅದು ಕಚ್ಚಿದ ಸಪೋಟದ ಹಾಗಿತ್ತು. ತಾತನಿಗೆ ಉಬ್ಬಸ ಬಂತು, ನಾನು ನಿಲ್ಲಿಸಿದೆ. ಉಳಿದ ಒಂದು ವಾರ ಸಂಜೆ ಸಂಜೆ ಮೊಮ್ಮಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಹಾಕಿಕೊಂಡು ಅದರ ಒಂದೇ ಒಂದು ಅಂಚನ್ನು ತಿಕ್ಕಿದ. ಏಳು ದಿನಕ್ಕೆ ಬೆರಳಗಲದಷ್ಟು ಜಾಗ ನುಣುಪಾಯಿತು. ಸಂಗನಕಲ್ಲಿನವರ ತಾಳ್ಮೆಯ ಅಳತೆ ಅವನಿಗೆ ಸಿಕ್ಕಿರಬೇಕು, ಥರ್ಮೋಕೋಲಿನವರನ್ನು ಬೈಯುವುದನ್ನು ಬಿಟ್ಟ.

ಪ್ರದರ್ಶನದ ದಿನ ಮೇಜಿನ ಮೇಲೆ ಆ ಕಚ್ಚಿದ ಸಪೋಟ, ಕರಿಬೇವಿನ ಬುಡದ ಚಕ್ಕೆ, ಸಿಬಿರೆದ್ದ ಹಸಿರುಗಪ್ಪು ಲಾವಾ, ಬೆಣಚುಕಲ್ಲು, ಸಕ್ಕರೆ ಬಿಲ್ಲೆ ಇಟ್ಟಿದ್ದ. ಸಕ್ಕರೆ ಬಿಲ್ಲೆ ಮೊದಲ ಅರ್ಧ ಗಂಟೆಯಲ್ಲೇ ಮಾಯವಾಯಿತಂತೆ. ಪಕ್ಕದಲ್ಲಿ ಎರಡು ಜೊತೆ ಕರಿಕಲ್ಲು, ಒಂದು ಡಬ್ ಎನ್ನುವುದು, ಒಂದು ಟಣ್ ಎನ್ನುವುದು. ಬಂದವರೆಲ್ಲ ತಟ್ಟಿ ನೋಡಿದರು. ಬಹುಮಾನ ಮಳೆನೀರು ಕೊಯ್ಲಿನ ಮಾದರಿಗೆ ಹೋಯಿತು. ಆದರೆ ಯಾರದೋ ತಾತ, ಇವರ ಹಾಗೆಯೇ ಗಣಿಯಲ್ಲಿದ್ದವರು, ಆ ಕಲ್ಲನ್ನು ಮೂರು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ನಾಲ್ಕು ಸಲ ತಟ್ಟಿದರಂತೆ.

"ಯಾರೋ ಅವರು?" ಎಂದು ನಮ್ಮ ಯಜಮಾನರು ಎರಡು ಸಲ ಕೇಳಿದರು. ಹುಡುಗನಿಗೆ ಹೆಸರು ಗೊತ್ತಿರಲಿಲ್ಲ. ಮರುದಿನ ಅವರು ಶಾಲೆ ಬಿಡುವ ಹೊತ್ತಿಗೆ ಷರಟು ಹಾಕಿಕೊಂಡು ಗೇಟಿನ ಹತ್ತಿರ ಹೋಗಿ ನಿಂತಿದ್ದರು.